ಎಲ್ ಫಾಶರ್ ಮತ್ತು ಶೇಂಗಾ ಹಿಂಡಿ

2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದ ಎಲ್ ಫಾಶರ್ ಎಂಬ ಊರಿನ ಹೆಸರು ಕೆಲವು ದಿನ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿತು. ಗಿಡಮೂಲಿಕೆ ಔಷಧ ಮಾರಲು ಸುಡಾನಿಗೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಹಲವರು ಅಲ್ಲಿ ಹೊರಗೆ ಗುಂಡಿನ ಸದ್ದು ಕೇಳುತ್ತ, ಒಳಗೆ ಅನ್ನ ನೀರಿಗೆ ಪರದಾಡುತ್ತ ಸಿಲುಕಿಕೊಂಡಿದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ಯ ಮೂಲಕ ಸುಡಾನಿನಲ್ಲಿದ್ದ 3,800ಕ್ಕೂ ಹೆಚ್ಚು ಭಾರತೀಯರನ್ನು, ಬಹುಪಾಲು ಪೋರ್ಟ್ ಸುಡಾನ್‌ನಿಂದ ಜೆಡ್ಡಾದ ದಾರಿಯಾಗಿ, ಕರೆತಂದಿತು. ನಮ್ಮವರು ಊರು ಸೇರಿದರೆಂದು ಓದಿ ನನಗೆ ಸಮಾಧಾನವಾಯಿತು. ಅದರ ಜೊತೆಗೇ ಎಲ್ ಫಾಶರ್ ಕೂಡ ನನ್ನ ಮನಸ್ಸಿನಿಂದ ಮರೆಯಾಯಿತು. ಆ ಊರಿನ ನಿಜವಾದ ಸಂಕಟ ಇನ್ನೂ ಮುಂದೆ ಇತ್ತು.

ಅದು ಮತ್ತೆ ಎದುರಾದದ್ದು 2025ರಲ್ಲಿ, ‘ಅಂಬಾಜ್’ ಎಂಬ ಒಂದು ಅರಬ್ಬಿ ಪದದ ಮೂಲಕ. ಎಲ್ ಫಾಶರ್‌ನ ಜನ ಅಂಬಾಜ್ ತಿಂದು ಜೀವ ಹಿಡಿದಿದ್ದಾರೆ ಎಂದು ವರದಿಗಳು ಹೇಳುತ್ತಿದ್ದವು. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾದ ಚರಟವೇ ಅದು ಎಂದು ತಿಳಿದಾಗ ನನ್ನ ಕೈ ನಿಂತಿತು, ಏಕೆಂದರೆ ಅದು ನಮ್ಮ ಹಿಂಡಿ. ಚಳ್ಳಕೆರೆಯ ಕಡೆ ಶೇಂಗಾ ಬೆಳೆಯುವ ಮನೆಯಲ್ಲಿ ಬೆಳೆದ ನನಗೆ ಮಿಲ್ಲಿನಿಂದ ತಂದ ಹಿಂಡಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಎಮ್ಮೆಯ ಮುಂದೆ ಇಡುವ ಕೆಲಸ ಗೊತ್ತು, ಅದರ ವಾಸನೆಯೂ ಗೊತ್ತು. ಬೂಸಲು ಹಿಡಿದ ಹಿಂಡಿಯನ್ನು ದನಕ್ಕೂ ಹಾಕಬಾರದೆಂದು ನಮ್ಮ ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಅಲ್ಲಿ ಅದನ್ನು ಮಕ್ಕಳಿಗೆ ಉಣಿಸುತ್ತಿದ್ದರು, ಕೊನೆಕೊನೆಗೆ ಅದೂ ಸಿಗದಂತಾಯಿತು. ಸುಡಾನ್ ಜಗತ್ತಿನಲ್ಲೇ ಅತಿ ಹೆಚ್ಚು ಶೇಂಗಾ ಬೆಳೆಯುವ ದೇಶಗಳಲ್ಲೊಂದು ಎಂಬುದನ್ನು ನೆನೆದರೆ ಈ ಹಸಿವು ಎಂಥದೆಂದು ತಿಳಿಯುತ್ತದೆ.

ಮಳೆ ಕೈಕೊಟ್ಟು ಬಂದ ಬರವಲ್ಲ ಇದು. 2019ರಲ್ಲಿ ಜನ ಬೀದಿಗಿಳಿದು ಹೋರಾಡಿದ್ದರಿಂದ ಒಮರ್ ಅಲ್ ಬಷೀರ್‌ನ ಮೂವತ್ತು ವರ್ಷಗಳ ಆಳ್ವಿಕೆ ಕೊನೆಗೊಂಡಿತು. ಆದರೆ ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ನಾಯಕ ಹೆಮೆದ್ತಿ 2021ರಲ್ಲಿ ಕೂಡಿಯೇ ಅಧಿಕಾರ ಕಸಿದುಕೊಂಡರು, 2023ರ ಏಪ್ರಿಲ್ 15ರಂದು ಪರಸ್ಪರರ ಮೇಲೆಯೇ ತಿರುಗಿಬಿದ್ದರು. ಆರ್‌ಎಸ್‌ಎಫ್‌ನ ಬೇರು ಇರುವುದು 2003ರ ನಂತರ ದೇಶದ ಪಶ್ಚಿಮ ಭಾಗದ, ಎಲ್ ಫಾಶರ್ ಕೂಡ ಇರುವ ದಾರ್ಫುರ್‌ನ ಹಳ್ಳಿಗಳನ್ನು ಸುಟ್ಟ ಜಂಜಾವೀದ್ ಗುಂಪುಗಳಲ್ಲಿ. ಆ ಗುಂಪುಗಳಿಗೆ ಆಯುಧ ಕೊಟ್ಟು ಬೆಳೆಸಿದ್ದು ಅಂದಿನ ಸರ್ಕಾರವೇ. 2023ರಲ್ಲಿ ಪಶ್ಚಿಮ ದಾರ್ಫುರ್‌ನ ಎಲ್ ಜೆನೀನಾದಲ್ಲಿ ಮಸಾಲಿತ್ ಜನಾಂಗದವರನ್ನು ಆರ್‌ಎಸ್‌ಎಫ್ ಮತ್ತು ಅದರ ಜೊತೆಗಿದ್ದ ಗುಂಪುಗಳವರು ಹುಡುಕಿ ಹುಡುಕಿ ಕೊಂದರು. ಆ ಒಂದೇ ಊರಿನಲ್ಲಿ ಸತ್ತವರು 10,000ದಿಂದ 15,000 ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ತಂಡ ದಾಖಲಿಸಿದೆ.

2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಎಲ್ ಫಾಶರ್‌ಗೆ ಮುತ್ತಿಗೆ ಹಾಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಊರಿಗೆ ಹತ್ತಿರದಲ್ಲಿದ್ದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆ ಎಂದು ಅಂತಾರಾಷ್ಟ್ರೀಯ ತಜ್ಞರು ಅಧಿಕೃತವಾಗಿ ಘೋಷಿಸಿದರು. ಮರುವರ್ಷ ಆರ್‌ಎಸ್‌ಎಫ್ ಊರಿನ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿತು. ಅದು ದಿನೇದಿನೇ ಉದ್ದವಾಗುತ್ತ ಹೋದದ್ದು ಉಪಗ್ರಹ ಚಿತ್ರಗಳಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಹೊಲಕ್ಕೆ ಬದು ಹಾಕುವುದನ್ನು ಕಂಡಿರುವ ನನಗೆ, ಜನ ಹೊರಗೆ ಹೋಗದಂತೆ, ಕಾಳು ಒಳಗೆ ಬಾರದಂತೆ ಊರಿಗೇ ಬದು ಹಾಕಿದ್ದನ್ನು ನೋಡಿ ಸಂಕಟವಾಯಿತು. ಸೇನೆಯ ಕೈಯೂ ಶುದ್ಧವಿಲ್ಲ. ಅದು ಸಂತೆಗಳ ಮೇಲೆ ಬಾಂಬು ಹಾಕಿದೆ. ಚಾಡ್ ದೇಶದಿಂದ ಆಹಾರ ಬರುವ ಅದ್ರೆ ಗಡಿಯನ್ನು 2024ರಲ್ಲಿ ತಿಂಗಳುಗಟ್ಟಲೆ ಮುಚ್ಚಿಸಿತ್ತು.

ಇಷ್ಟರ ನಡುವೆ ಉಣ್ಣಿಸಿದವರೂ ಇದ್ದಾರೆ. 2019ರ ಚಳವಳಿಯಲ್ಲಿದ್ದ ಯುವಕ ಯುವತಿಯರನೇಕರು ‘ತುರ್ತು ಸ್ಪಂದನಾ ಕೊಠಡಿ’ಗಳೆಂಬ ಬಡಾವಣೆ ಮಟ್ಟದ ಗುಂಪುಗಳನ್ನು ಕಟ್ಟಿಕೊಂಡು, ‘ತಕಿಯಾ’ ಎಂದು ಕರೆಯುವ ಸಾಮೂಹಿಕ ಅಡುಗೆಮನೆಗಳನ್ನು ನಡೆಸಿದರು. ಸೂಫಿಗಳ ನೆಲೆಗಳಲ್ಲಿ ಬಂದವರಿಗೆಲ್ಲ ಊಟವಿಕ್ಕುವ ಹಳೆಯ ರೂಢಿಯಿಂದ ಬಂದ ಈ ಹೆಸರು ನಮ್ಮ ದಾಸೋಹಕ್ಕೆ ಬಹಳ ಹತ್ತಿರದ್ದು. ಎರಡೂ ಕಡೆಯವರು ಇವರನ್ನು ಅನುಮಾನಿಸಿ ಬಂಧಿಸಿದರು, ಕೆಲವರನ್ನು ಕೊಂದರು. 2025ರ ಆರಂಭದಲ್ಲಿ ಅಮೆರಿಕ ತನ್ನ ನೆರವನ್ನು ನಿಲ್ಲಿಸಿದಾಗ ನೂರಾರು ಒಲೆಗಳು ಆರಿದವು.

2025ರ ಅಕ್ಟೋಬರ್ 26ರಂದು ಸೇನೆಯ ನೆಲೆ ಬಿದ್ದು ಎಲ್ ಫಾಶರ್ ಆರ್‌ಎಸ್‌ಎಫ್ ವಶವಾಯಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಮಂದಿ ಹತರಾದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಊರು ಬೀಳುವ ಮುನ್ನ ಒಳಗೆ ಸುಮಾರು 2,60,000 ಜನರಿದ್ದರೆಂಬುದು ವಿಶ್ವಸಂಸ್ಥೆಯ ಅಂದಾಜು. ಸುಮಾರು 60 ಕಿಲೋಮೀಟರ್ ದೂರದ ತಾವಿಲಾದಲ್ಲಿ ನೆರವಿನ ಕಾರ್ಯಕರ್ತರು ನೀರು, ಗಂಜಿ, ಔಷಧ ಇಟ್ಟುಕೊಂಡು ದಾರಿ ಕಾದರು. ನಡೆದು ಬಂದವರಲ್ಲಿ ಅನೇಕರು ಬೇರೆಯವರ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಮೊದಲ ದಿನಗಳಲ್ಲಿ ಅಲ್ಲಿಗೆ ತಲುಪಿದವರು ಕೆಲವೇ ಸಾವಿರ ಮಂದಿ.