ಇಷ್ಟೊಂದು ಹುದ್ದೆ ಖಾಲಿ ಇದ್ದರೂ ಸೈನ್ಯ ಯಾಕೆ ತುಂಬಿಕೊಳ್ಳುವುದಿಲ್ಲ?

ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದೆ ಅಂತ ಗೊತ್ತಾದ ತಕ್ಷಣ ಜನ ಕೇಳುವ ಪ್ರಶ್ನೆ ಒಂದೇ. "ಲಕ್ಷ ಹುದ್ದೆ ಖಾಲಿ ಇವೆಯಂತಲ್ಲ. ಹೊರಗಡೆ ಕೆಲಸ ಇಲ್ಲದ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ. ತುಂಬಿಕೊಳ್ಳೋಕೆ ಏನು ಕಷ್ಟ?"

ಹುದ್ದೆ ಇದೆ ಅಂದ ಮಾತ್ರಕ್ಕೆ ಅದರ ಸಂಬಳದ ದುಡ್ಡೂ ಇದೆ ಅಂತ ಅಲ್ಲ, ಇದು ಚಿಕ್ಕ ಉತ್ತರ. ಇಷ್ಟಕ್ಕೇ ಯಾರೂ ಒಪ್ಪುವುದಿಲ್ಲ. ಅದಕ್ಕೇ ಉದ್ದ ಉತ್ತರವನ್ನು ಒಂದೇ ಸಲ ಬರೆದಿಡುತ್ತಿದ್ದೇನೆ.

ಯಾವ ದೇಶದ ಸೈನ್ಯ ತೆಗೆದುಕೊಂಡರೂ ಮೂರು ಲೆಕ್ಕ ಇರುತ್ತವೆ. ಮಂಜೂರಾದ ಹುದ್ದೆ ಎಷ್ಟು, ಈ ವರ್ಷ ಸಂಬಳಕ್ಕೆ ದುಡ್ಡಿರುವುದು ಎಷ್ಟು ಜನಕ್ಕೆ, ಬೆಳಿಗ್ಗೆ ಫಾಲ್‌ಇನ್‌ಗೆ, ಅಂದರೆ ಹಾಜರಿಯ ಸಾಲಿಗೆ, ಬಂದು ನಿಲ್ಲುವವರು ಎಷ್ಟು. ಮೊದಲನೆಯದನ್ನು ಯುದ್ಧದ ಯೋಜನೆ ಹಾಕುವವರು ಬರೆಯುತ್ತಾರೆ, ಎರಡನೆಯದನ್ನು ಹಣಕಾಸಿನವರು. ಇಬ್ಬರೂ ಒಂದೇ ಮೇಜಿನ ಮುಂದೆ ಕೂರುವುದು ಕಡಿಮೆ. ಅಮೆರಿಕದ ಭೂಸೇನೆಯನ್ನೇ ನೋಡಿ. 2024ರ ಆರಂಭದಲ್ಲಿ ಅದರ ಘಟಕಗಳ ಪಟ್ಟಿ ಪೂರ್ತಿ ತುಂಬಬೇಕಿದ್ದರೆ ಸುಮಾರು 4,94,000 ಸೈನಿಕರು ಬೇಕಿತ್ತು. ಅಲ್ಲಿನ ಸಂಸತ್ತು ಒಪ್ಪಿದ್ದು 4,45,000ಕ್ಕೆ ಮಾತ್ರ. ಎಂಥ ಜೋರು ನೇಮಕಾತಿ ಮಾಡಿದರೂ ಸುಮಾರು ಐವತ್ತು ಸಾವಿರ ಕುರ್ಚಿ ಖಾಲಿಯೇ ಇರಬೇಕಿತ್ತು.

ದುಡ್ಡು ಕಡಿಮೆಯಾದಾಗ ಕತ್ತರಿ ಮೊದಲು ಬೀಳುವುದು ಹೊಸ ನೇಮಕಾತಿಯ ಮೇಲೆ. ಯಾಕೆ ಅಂದರೆ, ಉಳಿದದ್ದಕ್ಕೆಲ್ಲ ಕೈ ಕಟ್ಟಿರುತ್ತದೆ. ವಿಮಾನ, ಹಡಗುಗಳ ಕಂತು ಕಟ್ಟಲೇಬೇಕು. ಈಗಿರುವವರ ಸಂಬಳ ಕೊಡಲೇಬೇಕು. ಪಿಂಚಣಿಯನ್ನಂತೂ ಮುಟ್ಟುವ ಹಾಗಿಲ್ಲ. ಭಾರತದ 2024-25ರ ರಕ್ಷಣಾ ಬಜೆಟ್ 6.21 ಲಕ್ಷ ಕೋಟಿ ರೂಪಾಯಿ, ಅದರಲ್ಲಿ 1.41 ಲಕ್ಷ ಕೋಟಿ ಪಿಂಚಣಿಗೇ ಹೋಯಿತು. ನನ್ನ ಪಿಂಚಣಿಯೂ ಅಂಥದ್ದೇ ಲೆಕ್ಕದಿಂದ ಬರುವುದು, ಹಾಗಾಗಿ ದೂರುವ ಹಕ್ಕು ನನಗಿಲ್ಲ. ಆದರೆ ಇನ್ನೂ ಸೇರದ ಹುಡುಗನಿಗೆ ಯಾವ ಕರಾರೂ ಇಲ್ಲ. ಅವನನ್ನು ಈ ವರ್ಷ ಕರೆಯದಿದ್ದರೆ ಸದ್ದೇ ಆಗುವುದಿಲ್ಲ.

ಸದ್ದಾಗುವುದು ಡ್ಯೂಟಿ ಪಟ್ಟಿಯಲ್ಲಿ. ಅದನ್ನು ಬರೆಯುತ್ತಿದ್ದವನು ನಾನು.

ನಮ್ಮ ಕಂಪನಿಗೆ, ಅಂದರೆ ನಮ್ಮ ತುಕಡಿಗೆ, ಮಂಜೂರಾದವರು 100 ಜನ ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಅಂದಾಜಿನ ಅಂಕಿ ಹೇಳುತ್ತೇನೆ. ರಜೆಯಲ್ಲಿ 25. ಕೋರ್ಸ್, ಹೊರಗಿನ ಡ್ಯೂಟಿ ಅಂತ 15. ಹುಷಾರಿಲ್ಲದವರು 5. ಅಡುಗೆಮನೆ, ಸ್ಟೋರು, ಆಫೀಸಿಗೆ 10. ಕೊನೆಗೆ ಕಾವಲಿಗೆ ಸಿಗುವವರು 45. ಐದು ಕಡೆ ಕಾವಲು ಇದೆ. ಸಂತ್ರಿ ಎರಡು ಗಂಟೆ ನಿಲ್ಲಬೇಕು, ನಾಲ್ಕು ಗಂಟೆ ಬಿಡುವು. ಅಂದರೆ ಒಂದೊಂದು ಕಡೆಗೂ ಮೂವರು, ಒಂದು ರಾತ್ರಿಗೆ 15 ಜನ. ಒಬ್ಬೊಬ್ಬನಿಗೆ ಮೂರು ರಾತ್ರಿಗೊಮ್ಮೆ ಪಾಳಿ. ನಡೆಯುತ್ತದೆ.

ಈಗ 12 ಹುದ್ದೆ ಖಾಲಿ. ಪೇಪರಿನಲ್ಲಿ ಅದು ನೂರಕ್ಕೆ ಹನ್ನೆರಡು, ಅಂಥ ದೊಡ್ಡದೇನಲ್ಲ ಅನಿಸುತ್ತದೆ. ಆದರೆ ಸ್ಟೋರು ಮುಚ್ಚುವ ಹಾಗಿಲ್ಲ, ಕೋರ್ಸ್ ತಪ್ಪಿಸುವ ಹಾಗಿಲ್ಲ, ಮಂಜೂರಾದ ರಜೆ ರದ್ದು ಮಾಡಿದರೆ ಮನೆಯಿಂದ ಫೋನ್ ಮೇಲೆ ಫೋನ್. ಹನ್ನೆರಡೂ ಬಂದು ಬೀಳುವುದು ಆ 45ರ ಮೇಲೆ. ಉಳಿದದ್ದು 33. ಗೇಟುಗಳು ಮಾತ್ರ ಐದೇ. ಮೂರು ರಾತ್ರಿಗೊಮ್ಮೆ ಬರುತ್ತಿದ್ದ ಪಾಳಿ ಹೆಚ್ಚುಕಮ್ಮಿ ಎರಡು ರಾತ್ರಿಗೊಮ್ಮೆ ಬರುತ್ತದೆ. ಹಗಲು ಪರೇಡ್, ತರಬೇತಿ ಎಲ್ಲ ಹಾಗೇ ಇರುತ್ತವೆ. ಪಟ್ಟಿ ಅಂಟಿಸಿದ ಮೇಲೆ ನಾನು ಬೋರ್ಡಿನ ಹತ್ತಿರ ನಿಲ್ಲುತ್ತಿರಲಿಲ್ಲ. ಸುಮ್ನೆ ಯಾಕೆ ಮುಖ ನೋಡೋದು ಅಂತ.

ನೌಕಾಪಡೆಯಲ್ಲಿ ಇದು ಇನ್ನೂ ಅಪಾಯ. ಅಮೆರಿಕದ ನೌಕಾಪಡೆ 2000ರ ನಂತರದ ವರ್ಷಗಳಲ್ಲಿ ಖರ್ಚು ಉಳಿಸಲು ಹಡಗಿನ ಸಿಬ್ಬಂದಿಯನ್ನು ಕಡಿಮೆ ಮಾಡಿತ್ತು. ವಾರಕ್ಕೆ 80 ಗಂಟೆ ಡ್ಯೂಟಿ ಅಂತ ನಿಯಮ ಇದ್ದರೂ ನಾವಿಕರು 108 ಗಂಟೆ ದುಡಿಯುತ್ತಿದ್ದಾರೆ ಅಂತ 2014ರಲ್ಲಿ ಅದರದೇ ಅಧ್ಯಯನ ಹೇಳಿತು. 2017ರ ಜೂನ್‌ನಲ್ಲಿ ಫಿಟ್ಜ್‌ಜೆರಾಲ್ಡ್ ಹಡಗು ಡಿಕ್ಕಿಯಾಗಿ 7 ಜನ ಸತ್ತರು, ಆಗಸ್ಟ್‌ನಲ್ಲಿ ಜಾನ್ ಮೆಕೇನ್ ಹಡಗಿನಲ್ಲಿ 10 ಜನ. ಕಾರಣ ಜನರ ಕೊರತೆ ಒಂದೇ ಅಲ್ಲ, ತರಬೇತಿಯ ಕೊರತೆ, ಕರ್ತವ್ಯದಲ್ಲಿ ಆದ ತಪ್ಪುಗಳು ಎಲ್ಲ ಸೇರಿದ್ದವು. ಆದರೆ ನಿದ್ದೆಗೆಟ್ಟವರೇ ತಪ್ಪು ಜಾಸ್ತಿ ಮಾಡೋದು, ಅಲ್ವಾ? ನ್ಯೂಜಿಲೆಂಡಿನವರು ಬೇರೆ ದಾರಿ ಹಿಡಿದರು. ಜನ ಸಾಲದಾದಾಗ ಕೆಲವು ಹಡಗುಗಳನ್ನು ದಡದಲ್ಲೇ ಕಟ್ಟಿಹಾಕಿದರು. ಮುಜುಗರದ ಕೆಲಸ. ಆದರೂ ನನಗೆ ಅದೇ ಸರಿ ಅನಿಸುತ್ತದೆ.

"ಸರಿ, ಮುಂದಿನ ವರ್ಷ ದುಡ್ಡು ಬಂದಾಗ ಎಲ್ಲರನ್ನೂ ಒಟ್ಟಿಗೆ ಸೇರಿಸಿಕೊಳ್ಳಲಿ" ಅಂತ ಮುಂದಿನ ಪ್ರಶ್ನೆ ಬರುತ್ತದೆ. ನನಗೆ ಹೇಳಲು ಜಾಸ್ತಿ ಇರುವುದು ಇಲ್ಲೇ.

ಖಾಸಗಿ ಕಂಪನಿಗಳು ಅನುಭವಿ ಮ್ಯಾನೇಜರನ್ನು ಹೊರಗಿನಿಂದ ತರುತ್ತವೆ. ಹವಾಲ್ದಾರನನ್ನು ಹಾಗೆ ತರಲು ಬರುವುದಿಲ್ಲ. ಅವನು ಸಿಪಾಯಿಯಾಗಿ ಸೇರಿ, ಹತ್ತು-ಹನ್ನೆರಡು ವರ್ಷ ಬೆಂದು ಹವಾಲ್ದಾರ ಆಗಬೇಕು. ಹಾಗಾಗಿ ಒಂದು ವರ್ಷ ನೇಮಕಾತಿ ನಿಂತರೆ ಆ ಖಾಲಿ ಜಾಗ ಅಲ್ಲೇ ಇರುವುದಿಲ್ಲ, ವರ್ಷ ಕಳೆದ ಹಾಗೆ ಮೇಲೆ ಹತ್ತುತ್ತಾ ಹೋಗುತ್ತದೆ. ಭಾರತದ ಭೂಸೇನೆಯಲ್ಲಿ ಕೋವಿಡ್ ಕಾರಣಕ್ಕೆ 2020ರಿಂದ ಎರಡು ವರ್ಷ ಭರ್ತಿ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. 2021ರ ಕೊನೆಗೆ ಅಲ್ಲಿ 1 ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇವೆ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿತು. 2022ರ ಜೂನ್‌ನಲ್ಲಿ ಅಗ್ನಿಪಥ್ ಬಂತು: ನಾಲ್ಕು ವರ್ಷದ ಸೇವೆ, ಕೊನೆಗೆ ಹೆಚ್ಚೆಂದರೆ 25 ಪರ್ಸೆಂಟ್ ಜನ ಉಳಿಯುತ್ತಾರೆ. ಆ ಯೋಜನೆ ಸರಿಯೋ ತಪ್ಪೋ ಎಂಬ ಜಗಳ ಬೇರೆ. ಆ ಎರಡು ವರ್ಷ ಸೇರಬೇಕಿದ್ದ ಹುಡುಗರು 2030ರ ಆಚೀಚೆ ಹವಾಲ್ದಾರರಾಗಿ ಸೆಕ್ಷನ್, ಅಂದರೆ ಸೈನಿಕರ ಚಿಕ್ಕ ತಂಡ, ನಡೆಸಬೇಕಿತ್ತು. ಆಗ ಎಷ್ಟೇ ದುಡ್ಡು ಸುರಿದರೂ ಅವರನ್ನು ತಯಾರು ಮಾಡಲು ಆಗುವುದಿಲ್ಲ.

ದುಡ್ಡು ಬಂದರೂ ಜನ ಬರದಿರುವುದೂ ಉಂಟು. ಜರ್ಮನಿ 2011ರಲ್ಲಿ ಕಡ್ಡಾಯ ಸೇವೆಯನ್ನು ನಿಲ್ಲಿಸಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರಲ್ಲಿ, ಸೈನ್ಯಕ್ಕೆ 10,000 ಕೋಟಿ ಯೂರೋ ವಿಶೇಷ ನಿಧಿ ಕೊಟ್ಟಿತು. 2,03,000 ಸೈನಿಕರು ಬೇಕು ಅನ್ನುವ ಗುರಿ ಆಗಲೇ ಇತ್ತು. ಆದರೂ ಸಂಖ್ಯೆ ಎರಡು ವರ್ಷ 1,80,000ದ ಹತ್ತಿರವೇ ನಿಂತಿತ್ತು. ಒಂದು ದಶಕ "ನೀವು ಬೇಡ" ಅಂತ ಹೇಳಿ, ಆಮೇಲೆ "ಬನ್ನಿ" ಅಂದರೆ ಯಾರು ಓಡಿ ಬರುತ್ತಾರೆ?

ಇನ್ನೊಂದು ಉಪಾಯ ಇದೆ, ಹುದ್ದೆಯನ್ನೇ ತೆಗೆದುಹಾಕುವುದು. ಅಮೆರಿಕದ ಭೂಸೇನೆ 2024ರಲ್ಲಿ ಮಾಡಿದ್ದು ಅದನ್ನೇ. ಪಟ್ಟಿಯಿಂದ ಸುಮಾರು 24,000 ಹುದ್ದೆ ಹೊಡೆದು ಹಾಕಲು ತೀರ್ಮಾನಿಸಿತು. ಹೆಚ್ಚಿನವು ಖಾಲಿ ಹುದ್ದೆಗಳೇ, ಯಾರನ್ನೂ ಮನೆಗೆ ಕಳಿಸಲಿಲ್ಲ. ಕೇಳಲು ಕಣ್ಕಟ್ಟಿನ ಹಾಗಿದೆ. ಆದರೆ ಬರದ ಜನರನ್ನು ಬರುತ್ತಾರೆ ಅಂತ ಲೆಕ್ಕ ಹಾಕಿ ಕೆಲಸ ಹಂಚುವುದಕ್ಕಿಂತ ಇದು ವಾಸಿ.

ನಮ್ಮಲ್ಲೂ ಕೊನೆಗೆ ಹಾಗೇ ಆಯಿತು. ಆ ಹನ್ನೆರಡು ಜನ ನಾನಿರುವ ತನಕ ಬರಲಿಲ್ಲ. ಹೊಸದಾಗಿ ಬಂದ ಸಾಹೇಬರು ಒಂದು ಬೆಳಿಗ್ಗೆ ಐದೂ ಕಡೆ ನಡೆದು ನೋಡಿ ಬಂದು, ಹಿಂದಿನ ಗೇಟಿಗೆ ಬೀಗ ಹಾಕಿಸಿದರು. ರಾತ್ರಿ ಡ್ಯೂಟಿಗೆ 15ರ ಬದಲು 12 ಜನ ಸಾಕಾಯಿತು. ಅವತ್ತು ಪಟ್ಟಿ ಅಂಟಿಸಿದ ಮೇಲೆ ನಾನು ಸ್ವಲ್ಪ ಹೊತ್ತು ಬೋರ್ಡಿನ ಹತ್ತಿರವೇ ನಿಂತಿದ್ದೆ.