ಆಗುಂಬೆಯ ಮಂಜು ಹೊಗೆಯಲ್ಲ

ಬೆಳಿಗ್ಗೆ ಆಗುಂಬೆ ಘಾಟಿ ಮೇಲೆ ಬೆಳ್ಳಗೆ ಏನೋ ಏಳ್ತಿತ್ತು. ಬಸ್ಸಲ್ಲಿ ಯಾರೋ "ಕಾಡಿಗೆ ಬೆಂಕಿ ಬಿತ್ತಾ?" ಅಂದರು. ಮಂಜು ಅದು.

ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಮೊದಲ ಪಾಠವೇ ಇದು. ಗುಡ್ಡದಲ್ಲಿ ಬೆಂಕಿಯಿದೆ, ಯಾಕಂದ್ರೆ ಹೊಗೆಯಿದೆ, ಅಡುಗೆಮನೆಯಲ್ಲಿದ್ದ ಹಾಗೆ. ಆವಿಯನ್ನೇ ಹೊಗೆ ಅಂದುಕೊಂಡರೆ ಹೇತು ಅಸಿದ್ಧ, ಅಂದರೆ ಕೊಟ್ಟ ಕಾರಣವೇ ಅಲ್ಲಿಲ್ಲ. ವಾದ ಅಲ್ಲೇ ಬಿತ್ತು.

ತಿರುಗಿಸಿ "ಬೆಂಕಿಯಿದೆ, ಹಾಗಾಗಿ ಹೊಗೆಯಿದೆ" ಅಂದರೂ ಬೀಳುತ್ತೆ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ? ಹೊಗೆಗೆ ಹಸಿ ಸೌದೆ ಬೇಕು. ಮಳೆಗಾಲದಲ್ಲಿ ಬಚ್ಚಲೊಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಅಡಗಿ ಕೂತ ಷರತ್ತಿಗೇ ಉಪಾಧಿ ಅನ್ನೋದು.

10ನೇ ಶತಮಾನದಲ್ಲಿ ಮಿಥಿಲೆಯ ನ್ಯಾಯಪಂಡಿತ ಉದಯನಾಚಾರ್ಯರು ಈಶ್ವರ ಇದ್ದಾನೆ ಅಂತ ಸಾಧಿಸಿದ್ದೂ ಇದೇ ಅಚ್ಚಿನಲ್ಲಿ: ಜಗತ್ತು ಕಾರ್ಯ, ಅಂದರೆ ಉಂಟಾದದ್ದು; ಕಾರ್ಯಕ್ಕೆ ಕರ್ತೃ ಬೇಕು, ಮಡಕೆಗೆ ಕುಂಬಾರ ಇದ್ದ ಹಾಗೆ.

ಎದುರಾಳಿ ಹಿಡಿಯೋದು ಉಪಾಧಿಯನ್ನೇ. ಕಂಡ ಕುಂಬಾರರಿಗೆಲ್ಲ ದೇಹವಿದೆ, ಈಶ್ವರನಿಗೆ?

ನೈಯಾಯಿಕರ (ನ್ಯಾಯಶಾಸ್ತ್ರದವರ) ಉತ್ತರ: ಕರ್ತೃವಾಗಲು ಬೇಕಾದ್ದು ಜ್ಞಾನ, ಇಚ್ಛೆ, ಪ್ರಯತ್ನ. ದೇಹ ಅಲ್ಲ.

ಚಂದದ ಉತ್ತರ, ಆದರೆ ನನಗೆ ಪೂರ್ತಿ ಸಾಲದು. ದೇಹವಿಲ್ಲದ ಪ್ರಯತ್ನಕ್ಕೆ ಉದಾಹರಣೆ ಎಲ್ಲಿಂದ ತರೋದು? ಅಷ್ಟು ದೊಡ್ಡ ಭಕ್ತರಾದ ರಾಮಾನುಜರೇ ಈ ಅನುಮಾನವನ್ನು, ಅಂದರೆ ಈ ತರ್ಕದ ಊಹೆಯನ್ನು, ಒಪ್ಪಲಿಲ್ಲ. ಈಶ್ವರನನ್ನು ತಿಳಿಯೋಕೆ ಶಾಸ್ತ್ರವೊಂದೇ ಪ್ರಮಾಣ ಅಂದರು.