ದಾವಣಗೆರೆಯ ಶೆಡ್ಡಿಗೆ ಬಂದ ಹಾಯಿದೋಣಿ: ಇಂಜಿನ್ನಿಗೆ ಕೈ ಹಾಕಲು ಜಾಗ ಮಾಡಿದ ಅನುಭವ

ಜನರೇಟರ್, ಟ್ರ್ಯಾಕ್ಟರ್, ಬೋರ್‌ವೆಲ್ ಲಾರಿಯ ಕಂಪ್ರೆಸರ್ ಇವುಗಳ ಡೀಸೆಲ್ ಇಂಜಿನ್‌ಗಳನ್ನು ಬಿಚ್ಚಿ ಕಟ್ಟುವುದೇ ದಾವಣಗೆರೆಯಲ್ಲಿರುವ ನಮ್ಮ ವರ್ಕ್‌ಶಾಪಿನ ನಿತ್ಯದ ಕೆಲಸ. ತಂದೆಯವರು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗಿಲ್ಲ, ಆದರೆ ಅಲ್ಲಿ ತಯಾರಾದ ಎಂಟರ್‌ಪ್ರೈಸ್ ಎಂಬ ಲೇತ್ (ಲೋಹ ಕಡೆಯುವ ಯಂತ್ರ) ಒಂದು ನಮ್ಮ ಶೆಡ್ಡಿನಲ್ಲಿ ಇಂದಿಗೂ ತಿರುಗುತ್ತಿದೆ. ನೌಕಾಪಡೆಯಿಂದ ನಿವೃತ್ತರಾಗಿ ಕಾರವಾರದಲ್ಲೇ ನೆಲೆಸಿರುವ ನನ್ನ ಸೋದರಮಾವ ಒಂದು ಮುಂಗಾರಿನ ಆರಂಭದಲ್ಲಿ ತಮ್ಮ ಇಪ್ಪತ್ತೇಳು ಅಡಿಯ ಹಳೆಯ ಫೈಬರ್ ಹಾಯಿದೋಣಿಯನ್ನು, ಹಾಯಿಕಂಬ ಕಳಚಿ ಲಾರಿಗೆ ಹೇರಿಸಿ, ಅರಬೈಲು ಘಟ್ಟ ಹತ್ತಿಸಿ, ಹುಬ್ಬಳ್ಳಿಯ ಮೇಲೆ ನಮ್ಮಲ್ಲಿಗೆ ಕಳುಹಿಸಿದರು. ಮಳೆಗಾಲದಲ್ಲಿ ದೋಣಿ ಹೇಗಿದ್ದರೂ ದಡದ ಮೇಲೆಯೇ ಇರಬೇಕು, ಒಣ ಊರಿನಲ್ಲಿದ್ದರೆ ಮರವೂ ಫೈಬರ್ರೂ ಚೆನ್ನಾಗಿ ಒಣಗುತ್ತವೆ ಎಂಬುದು ಅವರ ಲೆಕ್ಕ. ಬೀದಿಯ ಜನ ಒಂದು ವಾರ "ಸಮುದ್ರ ಯಾವಾಗ ಬರ್ತೈತ್ರೀ?" ಎಂದು ಕೇಳಿ ಸುಮ್ಮನಾದರು.

ಇಂಜಿನ್ ಎರಡು ಸಿಲಿಂಡರಿನದು, ಹದಿನೈದು ಹಾರ್ಸ್‌ಪವರಿನ ಆಸುಪಾಸು. ಅದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಹೊಸದು ಅದು ಕುಳಿತಿದ್ದ ಜಾಗ. ಹಾಯಿದೋಣಿಯಲ್ಲಿ ಇಂಜಿನ್ ಎರಡನೆಯ ಆಳು, ಗಾಳಿ ಇಲ್ಲದಾಗ ಮತ್ತು ದಡ ಸೇರುವಾಗ ಮಾತ್ರ ಬೇಕಾಗುವಂಥದ್ದು. ಹೀಗಾಗಿ ಹಳೆಯ ದೋಣಿ ಕಟ್ಟಿದವರು ಮಲಗುವ ಜಾಗ, ಅಡುಗೆಯ ಜಾಗ ಎಲ್ಲವನ್ನೂ ಹಂಚಿ, ಉಳಿದ ಗೂಡಿಗೆ ಇಂಜಿನ್ನನ್ನು ತುರುಕುತ್ತಿದ್ದರು. ಇಲ್ಲಿ ಅದು ಒಳಗಿಳಿಯುವ ಮೆಟ್ಟಿಲಿನ ಹಿಂದೆ, ಚುಕ್ಕಾಣಿ ಹಿಡಿದು ಕೂರುವ ಕಟ್ಟೆಯ ನೆಲದ ಕೆಳಗಿತ್ತು. ಮೆಟ್ಟಿಲು ಕಿತ್ತರೆ ಇಂಜಿನ್ನಿನ ಮುಖವೇನೋ ಕಾಣುತ್ತಿತ್ತು, ಆದರೆ ಕೆಲಸವೆಲ್ಲ ಬೆನ್ನಿನ ಕಡೆಗಿತ್ತು. ಸಮುದ್ರದ ನೀರನ್ನು ಎಳೆದು ಇಂಜಿನ್ ತಂಪು ಮಾಡುವ ಪಂಪಿನ ಮುಚ್ಚಳ ಹಿಂಬದಿಗೆ ಮುಖ ಮಾಡಿ, ಪಕ್ಕದ ಗೋಡೆಗೆ ನಾಲ್ಕು ಬೆರಳಿನ ಅಂತರದಲ್ಲಿತ್ತು. ಅದರೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರವನ್ನು, ಅಂದರೆ ಇಂಪೆಲ್ಲರನ್ನು, ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಬೇಕು. ಆರು ಸಣ್ಣ ಹಿತ್ತಾಳೆ ಸ್ಕ್ರೂಗಳನ್ನು ಕೈಗನ್ನಡಿಯಲ್ಲಿ ನೋಡಿಕೊಂಡು, ಎಡಗೈಯಲ್ಲಿ, ತಿರುವುಮುರುವಾಗಿ ಬಿಚ್ಚಿದೆ. ನಾಲ್ಕನೆಯದು ಜಾರಿ, ದೋಣಿಯ ತಳದಲ್ಲಿ ನಿಂತಿದ್ದ ಕರಿ ಎಣ್ಣೆಯೊಳಗೆ ಬಿತ್ತು. ಮೂರು ವರ್ಷದಿಂದ ಆ ಮುಚ್ಚಳವನ್ನು ಬಿಚ್ಚಿಯೇ ಇಲ್ಲವೆಂದು ಮಾವ ಆಮೇಲೆ ಒಪ್ಪಿಕೊಂಡರು. ಅವರ ಸೋಮಾರಿತನವನ್ನು ನಾನು ಹಳಿಯಲಾರೆ.

ಜಾಗ ಸಾಲದಿದ್ದರೆ ಬಾಯಿ ದೊಡ್ಡದು ಮಾಡಬೇಕು ಎಂಬುದೇ ನನಗೆ ಹೊಳೆದ ಮೊದಲ ಉಪಾಯ. ಮಾವ ಚಿತ್ರದುರ್ಗಕ್ಕೆ ಮದುವೆಗೆ ಹೋಗಿದ್ದ ದಿನ ಮೆಟ್ಟಿಲ ಹಿಂದಿನ ಪ್ಲೈವುಡ್ ಗೋಡೆಯನ್ನು ಒಂದು ಬದಿಯಲ್ಲಿ ಐದು ಇಂಚು ಕೊಯ್ದುಬಿಟ್ಟೆ. ಮರುದಿನ ನಮ್ಮ ಹುಡುಗ ಮೇಲಿನ ಕಟ್ಟೆಯ ನೆಲದ ಮೇಲೆ ಕಾಲಿಟ್ಟಾಗ ಅದು ಕಿರ್ರೆಂದು ಬಾಗಿತು. ನಾನು ಬರೀ ಮರೆ ಎಂದುಕೊಂಡಿದ್ದ ಗೋಡೆ ಆ ನೆಲದ ಭಾರ ಹೊತ್ತಿತ್ತು. ಹಿಂತಿರುಗಿದ ಮಾವ ಕೂಗಾಡಲಿಲ್ಲ, "ಅಲ್ಲಪ್ಪಾ, ಕೊಯ್ಯೋಕೆ ಮುಂಚೆ ಒಂದು ಮಾತು ಕೇಳಬಾರದಿತ್ತೇನೋ?" ಎಂದಷ್ಟೇ ಅಂದು, ಟಾರ್ಚ್ ಹಿಡಿದು ಗೋಡೆಯ ಅಂಚನ್ನು ತೋರಿಸಿದರು. ಸ್ಕ್ರೂ ಹೊಡೆದು ನಿಲ್ಲಿಸಿದ ಹಲಗೆ ಸಾಮಾನ್ಯವಾಗಿ ಮುಚ್ಚಳವಷ್ಟೇ ಆಗಿರುತ್ತದೆ; ಫೈಬರ್ ಪಟ್ಟಿಯನ್ನು ರಾಳದಲ್ಲಿ ಅದ್ದಿ ದೋಣಿಯ ಮೈಗೇ ಬೆಸೆದ ಹಲಗೆ ಮಾತ್ರ ದೋಣಿಯ ಆಕಾರವನ್ನು ಹಿಡಿದಿಟ್ಟಿರುತ್ತದೆ. ನಾನು ಕೊಯ್ದದ್ದು ಎರಡನೆಯ ಜಾತಿಯದು. ಹನ್ನೆರಡು ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ಮತ್ತೆ ಕೂಡಿಸಬೇಕಾದರೆ ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ, ಅಂದರೆ ಸುಮಾರು ಹದಿನಾಲ್ಕು ಸೆಂಟಿಮೀಟರಿನವರೆಗೆ ಇಳಿಜಾರು ಹೆರೆದು, ಎಪಾಕ್ಸಿ ಅಂಟು ಹಚ್ಚಿ, ಮೇಲೆ ಫೈಬರ್ ಬಟ್ಟೆ ಕೂರಿಸಬೇಕು. ಒಂದು ಗಂಟೆಯಲ್ಲಿ ಕೊಯ್ದದ್ದನ್ನು ಸರಿಪಡಿಸಲು ಹತ್ತು ದಿನ ಹಿಡಿಯಿತು. ಫೈಬರ್ ಧೂಳಿನ ತುರಿಕೆ ಬೇರೆ, ಅದನ್ನು ಮೈಗೆ ಅಂಟಿಸಿಕೊಂಡವರಿಗೇ ಗೊತ್ತು.

ಆಮೇಲೆ ಗರಗಸವನ್ನು ಕಪಾಟಿನಲ್ಲಿಟ್ಟು, ದೋಣಿಯಲ್ಲಿ ವರ್ಷವಿಡೀ ಮಾಡಬೇಕಾದ ಪ್ರತಿಯೊಂದು ಕೆಲಸವನ್ನೂ ಅದಕ್ಕೆ ಬೇಕಾದ ಸ್ಪ್ಯಾನರ್ ಹಿಡಿದೇ ಒಮ್ಮೆ ಮಾಡಿ ನೋಡಿದೆ. ಕಣ್ಣಿಗೆ ಕಾಣುವ ಬೋಲ್ಟು ಬೇರೆ, ಸ್ಪ್ಯಾನರ್ ಅರ್ಧ ಸುತ್ತು ತಿರುಗುವಷ್ಟು ಎಡೆ ಇರುವ ಬೋಲ್ಟು ಬೇರೆ. ಹೀಗೆ ನೋಡುತ್ತ ಹೋದಾಗ, ಅರ್ಧಕ್ಕಿಂತ ಹೆಚ್ಚು ಕೆಲಸಗಳಿಗೆ ಗೋಡೆ ಕೊಯ್ಯುವ ಅಗತ್ಯವೇ ಇಲ್ಲ, ಭಾಗವನ್ನೇ ಕೈಯ ಹತ್ತಿರಕ್ಕೆ ತಂದರೆ ಸಾಕು ಎಂಬುದು ತಿಳಿಯಿತು.

ಡೀಸೆಲ್ ಫಿಲ್ಟರನ್ನು ಇಂಜಿನ್ನಿನ ಹಿಂಬದಿಯಿಂದ ತೆಗೆದು, ನೀರು ಬೇರ್ಪಡಿಸುವ ಗಾಜಿನ ಬಟ್ಟಲಿರುವ ಫಿಲ್ಟರೊಂದನ್ನು ಮೆಟ್ಟಿಲ ಪಕ್ಕದಲ್ಲಿ ನಿಲ್ಲಿಸಿದೆವು. ಟ್ರ್ಯಾಕ್ಟರಿನ ಡೀಸೆಲ್ ಪೈಪು ಹೊಲದಲ್ಲಿ ಏರ್ ಹಿಡಿದರೆ ಬದುವಿನ ಮೇಲೆ ಕೂತು ನಿಧಾನವಾಗಿ ಏರ್ ತೆಗೆಯಬಹುದು. ದೋಣಿಯಲ್ಲಿ ಮಾತ್ರ ಅಲೆ ಎದ್ದಾಗಲೇ ಟ್ಯಾಂಕಿನ ತಳದ ಕೆಸರು ಕದಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅಂದರೆ ಇಂಜಿನ್ ತೀರ ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಆಯಿಲ್ ಬದಲಿಸುವುದೂ ಹಾಗೆಯೇ ಇತ್ತು. ಇಂಜಿನ್ನಿನ ತಳದ ಆಯಿಲ್ ಸಂಪಿನ ಕೆಳಗೆ ಬೋಗುಣಿ ಇಡಲು ಎರಡು ಇಂಚೂ ಜಾಗವಿಲ್ಲದ್ದರಿಂದ, ಡ್ರೇನ್ ಪ್ಲಗ್ಗಿನ ಜಾಗಕ್ಕೆ ಒಂದು ಹೋಸ್ ಜೋಡಿಸಿ ಮುಂದಕ್ಕೆ ತಂದು, ಅದರ ತುದಿಗೆ ಕೈಪಂಪು ಕೂಡಿಸಿದೆವು. ಈಗ ಬಿಸಿ ಆಯಿಲನ್ನು ಕ್ಯಾನಿಗೆ ಎಳೆದುಕೊಳ್ಳಬಹುದು. ಇಂಪೆಲ್ಲರ್ ಪಂಪಿನ ವಿಷಯದಲ್ಲಿ ತಂದೆಯವರ ಲೇತ್ ನೆರವಿಗೆ ಬಂತು: ದಪ್ಪ ಹಿತ್ತಾಳೆಯಲ್ಲಿ ಹೊಸ ಮುಚ್ಚಳ ಕೊರೆದು, ಪೇಪರ್ ಗ್ಯಾಸ್ಕೆಟ್ಟಿನ ಬದಲು ಓ-ರಿಂಗ್ (ರಬ್ಬರ್ ಬಳೆ) ಕೂರುವ ತೋಡು ಹಾಕಿ, ಸ್ಕ್ರೂಗಳ ತಲೆಯನ್ನು ಬೆರಳಲ್ಲೇ ತಿರುಗಿಸುವಂತೆ ದೊಡ್ಡದಾಗಿ ತಿರುವಿ, ಹಿಡಿತಕ್ಕೆ ಗೀರು ಮೂಡಿಸಿ ನರ್ಲಿಂಗ್ ಮಾಡಿದೆ. ಅದರ ನೇರಕ್ಕೆ ಪಕ್ಕದ ಮಲಗುವ ಗೂಡಿನ ಗೋಡೆ ಸ್ಕ್ರೂ ಹೊಡೆದ ಹಲಗೆಯಾಗಿತ್ತು. ರಟ್ಟಿನ ಅಚ್ಚು ಇಟ್ಟು ಮೊಣಕೈವರೆಗೆ ಕೈ ತೂರುವುದೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅಲ್ಲಿ ಒಂದು ಬಾಗಿಲು ಕೊಯ್ದೆ.

ಮೇಲಿನ ಕಟ್ಟೆಯ ನೆಲವನ್ನು ಮಾತ್ರ ಕೊಯ್ಯದೆ ವಿಧಿಯಿರಲಿಲ್ಲ. ನೀರಿನಲ್ಲಿ ದೋಣಿಯನ್ನು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ತಿರುಗಿಸುವ ಶಾಫ್ಟ್ ದೋಣಿಯ ಮೈಯಿಂದ ಹೊರಗೆ ಹೋಗುವಲ್ಲಿ, ನೀರು ಒಳನುಗ್ಗದಂತೆ ತಡೆಯುವ ಒಂದು ಗ್ಲ್ಯಾಂಡ್ ಇರುತ್ತದೆ. ನಮ್ಮ ಕಡೆಯ ನೀರಾವರಿ ಪಂಪಿನ ಗ್ಲ್ಯಾಂಡ್ ದಾರವೇ ಅಲ್ಲಿಯೂ; ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ತೊಟ್ಟಿಕ್ಕಬೇಕು, ಪೂರಾ ಬಿಗಿದರೆ ಶಾಫ್ಟ್ ಕಾದು ಸವೆಯುತ್ತದೆ, ಸಡಿಲವಾದರೆ ದೋಣಿಗೆ ನೀರು. ಅದನ್ನು ಮುಟ್ಟಲು ಮಾವ ಸಾಮಾನು ಪೆಟ್ಟಿಗೆಯೊಳಗೆ ತಲೆಕೆಳಗಾಗಿ ಇಳಿಯುತ್ತಿದ್ದರು, ಅರವತ್ತು ದಾಟಿದವರಿಗೆ ಅದು ತಕ್ಕ ಕೆಲಸವಲ್ಲ. ಅಲ್ಲಿಯ ನೆಲ ಎರಡು ಫೈಬರ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರ ತುಂಬಿದ್ದು. ಕೊಯ್ದ ಅಂಚಿನಲ್ಲಿ ಬಾಲ್ಸಾ ತೆರೆದುಕೊಂಡರೆ ಮಳೆನೀರು ಕುಡಿದು ಒಳಗೊಳಗೇ ಕೊಳೆಯುತ್ತ ಹೋಗುತ್ತದೆ. ಆದ್ದರಿಂದ ಅಂಚಿನ ಸುತ್ತ ಮುಕ್ಕಾಲು ಇಂಚು ಮರವನ್ನು ಒಳಗಿನಿಂದ ಕೆರೆದು ತೆಗೆದು, ಆ ಸಂದಿಗೆ ಗಟ್ಟಿ ಎಪಾಕ್ಸಿ ತುಂಬಿ, ಆಮೇಲೆ ಚೌಕಟ್ಟು ಕೂರಿಸಿದೆವು. ಚೌಕಟ್ಟಿನ ಸುತ್ತ ಸಣ್ಣ ಕಾಲುವೆ, ಅದಕ್ಕೊಂದು ಡ್ರೇನ್ ಪೈಪು. ರಬ್ಬರ್ ಬೀಡಿಂಗ್ ಒಂದನ್ನೇ ನಂಬಿದ್ದರೆ ಅದು ಹಳೆಯದಾದ ಮರುಮಳೆಗೆ ನೀರು ನೇರ ಆಲ್ಟರ್ನೇಟರ್ ಮೇಲೆ ಬೀಳುತ್ತಿತ್ತು.

ಸದ್ದು ತಡೆಯಲು ಬಾಗಿಲುಗಳಿಗೆಲ್ಲ ಫೋಮ್ ಹಚ್ಚಿ, ಸಂದಿಗಳನ್ನು ಮುಚ್ಚಿದೆವು. ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿ, ಪಂಪಿನ ಹೋಸನ್ನು ಅದರಲ್ಲಿ ಇಳಿಬಿಟ್ಟು (ನೀರಿಲ್ಲದೆ ಓಡಿಸಿದರೆ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಹರಿದುಹೋಗುತ್ತದೆ) ಇಂಜಿನ್ ಚಾಲೂ ಮಾಡಿದಾಗ ಅದು ಕರಿಹೊಗೆ ಬಿಟ್ಟಿತು. ಮೆಟ್ಟಿಲು ತೆಗೆದರೆ ಹೊಗೆ ಮಾಯ. ಗಾಳಿಯ ದಾರಿಯನ್ನೂ ನಾವು ಮುಚ್ಚಿಬಿಟ್ಟಿದ್ದೆವು. ಹಿಂಬದಿಯಿಂದ ದಪ್ಪ ಪೈಪಿನಲ್ಲಿ ಗಾಳಿ ತಂದ ಮೇಲೆ ಸರಿಹೋಯಿತು.

ಶಾಫ್ಟಿನ ಅಲೈನ್‌ಮೆಂಟನ್ನು, ಅಂದರೆ ಇಂಜಿನ್ನಿಗೆ ನೇರವಾಗಿ ಕೂರಿಸುವುದನ್ನು, ನಾನು ಶೆಡ್ಡಿನಲ್ಲೇ ಮುಗಿಸಿದ್ದೆ. ಎರಡನ್ನೂ ಕೂಡಿಸುವ ನಾಲ್ಕು ಇಂಚಿನ ಕಪ್ಲಿಂಗಿನ ಎರಡು ಮುಖಗಳ ನಡುವೆ ಸಂದಿ ಅಳೆಯುವ ಫೀಲರ್ ಗೇಜ್ ಆಡಿಸಿದರೆ ಸುತ್ತಲೂ ವ್ಯತ್ಯಾಸ ಎರಡೇ ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಇತ್ತು, ನಾಲ್ಕರವರೆಗೆ ನಡೆಯುತ್ತದೆ. ಮಾವ ಅದಕ್ಕೆ ತಲೆಯಾಡಿಸಿದರೂ ಕಪ್ಲಿಂಗಿನ ಬೋಲ್ಟು ಹಾಕಗೊಡಲಿಲ್ಲ. ಸೆಪ್ಟೆಂಬರಿನಲ್ಲಿ ಕಾರವಾರದಲ್ಲಿ ದೋಣಿ ನೀರಿಗಿಳಿದು ಎರಡು ದಿನ ತೇಲಿದ ಮೇಲೆ ಅದೇ ಗೇಜ್ ಒಂಬತ್ತು ಥೌ ತೋರಿಸಿತು. ದಡದ ಮೇಲೆ ಆಧಾರದ ಕಂಬಗಳ ಮೇಲೆ ಕೂತ ದೋಣಿಯ ಮೈ ನೀರಿನಲ್ಲಿ ಬೇರೆಯೇ ಆಕಾರ ತಾಳುತ್ತದೆ. ಲೇತಿನ ಬೆಡ್ಡಿನಂತೆ ಅಲುಗದ ಕಬ್ಬಿಣದ ಮೇಲೆಯೇ ಕೆಲಸ ಕಲಿತ ನನಗೆ ಈ ಮಾತು ಗೇಜ್ ನೋಡುವವರೆಗೂ ಮನಸ್ಸಿಗೆ ಹತ್ತಿರಲಿಲ್ಲ. ಇಂಜಿನ್ ಕೂತ ಹಿಂದಿನ ಮೌಂಟುಗಳ ನಟ್ಟನ್ನು ಕಾಲು ಕಾಲು ಸುತ್ತು ತಿರುಗಿಸಿ ಮೂರಕ್ಕೆ ತಂದು ಬೋಲ್ಟು ಬಿಗಿದೆವು.

ಒಂದು ಕೆಲಸ ಕೊನೆಗೂ ಉಳಿಯಿತು. ಸ್ಟಾರ್ಟರ್ ಮೋಟಾರಿನ ಕೆಳಗಿನ ಬೋಲ್ಟಿಗೆ ಯಾವ ಬಾಗಿಲಿನಿಂದಲೂ ಸ್ಪ್ಯಾನರ್ ತಲುಪುವುದಿಲ್ಲ, ತಲುಪಿಸಬೇಕಾದರೆ ನಾನು ಮೊದಲು ಕೊಯ್ದು ಕೂಡಿಸಿದ ಆ ಗೋಡೆಯನ್ನೇ ಮತ್ತೆ ಕೊಯ್ಯಬೇಕು. ಹದಿನೇಳರ ಸ್ಪ್ಯಾನರ್ ಒಂದನ್ನು ಗ್ಯಾಸಿನಲ್ಲಿ ಕಾಯಿಸಿ, ಎರಡು ಕಡೆ ಬಗ್ಗಿಸಿ, ಆ ಒಂದೇ ಬೋಲ್ಟಿಗೆ ಹೊಂದುವಂತೆ ಮಾಡಿ, ಇಂಜಿನ್ ಗೂಡಿನ ಬಾಗಿಲ ಹಿಂದೆ ದಾರ ಕಟ್ಟಿ ನೇತುಹಾಕಿ ಬಂದಿದ್ದೇನೆ.